ಸುಣ್ಣದ ಊರಲ್ಲಿ ಲಿಂಬಿಕಾಯಿ

ನಮ್ಮ ಮನೆಯಲ್ಲಿ ಹಿಂಡಿದ ಲಿಂಬಿಕಾಯಿಯನ್ನು ಎಸೆಯುವಂತಿಲ್ಲ. ಅದು ಅವ್ವನ ಕಾನೂನು. ರಸ ಹೋದ ಹೋಳುಗಳೆಲ್ಲ ಬಚ್ಚಲ ಕಿಟಕಿಯ ಮೇಲಿರುವ ಪ್ಲಾಸ್ಟಿಕ್ ಡಬ್ಬಿಗೆ ಸೇರುತ್ತವೆ. ಅಲ್ಲಿ ಅವಕ್ಕೆ ಎರಡನೇ ನೌಕರಿ ಸಿಗುತ್ತದೆ.

ಮೊದಲನೇ ನೌಕರಿ ಅಡುಗೆಮನೆಯದು. ಚುರುಮುರಿ ಸುಸಲಾದ ಮೇಲೆ ಅರ್ಧ ಹೋಳು, ಮಧ್ಯಾಹ್ನ ಬಿಸಿಲಲ್ಲಿ ಬಂದವರಿಗೆ ಒಂದು ಗ್ಲಾಸ್ ಶರಬತ್ತು, ತೊಗರಿ ಬ್ಯಾಳಿಗೆ ನಾಲ್ಕು ಹನಿ. ಬ್ಯಾಳಿಗೆ ಮಾತ್ರ ಒಲೆ ಆರಿಸಿದ ಮೇಲೆಯೇ ಹಿಂಡಬೇಕು. ಮೊದಲೇ ಹುಳಿ ಬಿದ್ದರೆ ಬ್ಯಾಳಿ ಹಟ ಹಿಡಿಯುತ್ತದೆ, ಬೇಗ ಬೇಯುವುದಿಲ್ಲ. 2022ರ ಏಪ್ರಿಲ್‌ನಲ್ಲಿ ದರ ಏರಿ ಒಂದೊಂದು ಕಾಯಿಗೆ ಹತ್ತು ರೂಪಾಯಿ ಆದಾಗ ಈ ಹನಿಗಳೂ ಎರಡಕ್ಕೆ ಇಳಿದಿದ್ದವು. ಪಕ್ಕದ ವಿಜಯಪುರ ಜಿಲ್ಲೆಯ ಇಂಡಿ ಲಿಂಬೆಗೆ ಜಿಐ ಟ್ಯಾಗ್, ಅಂದ್ರೆ ಊರಿನ ಹೆಸರಿನ ಸರ್ಕಾರಿ ಗುರುತು, ಬಂದ ಮೇಲಂತೂ ನಮ್ಮ ಮಾರ್ಕೆಟ್ಟಿನಲ್ಲಿ ಹಳದಿಯಾಗಿ, ದುಂಡಗಿರುವುದೆಲ್ಲ ಇಂಡಿಯಲ್ಲೇ ಹುಟ್ಟಿದ್ದು. ಹೆಸರು ಇಂಡಿ, ದರವೂ ಇಂಡಿ, ಕೊಯ್ದರೆ ಒಳಗೆ ಬರೀ ಬೀಜ.

ಎರಡನೇ ನೌಕರಿಗೆ ಕಲಬುರಗಿಯಲ್ಲಿ ಕೊರತೆ ಇಲ್ಲ. ನಮ್ಮದು ಬೋರಿನ ಸವಳು ನೀರು. ನಳದ ಬಾಯಿಗೆ, ಬಕೆಟ್ಟಿಗೆ, ಕಾಯಿಸೋ ಪಾತ್ರೆಗೆ ಎಲ್ಲದಕ್ಕೂ ಬಿಳಿ ಪೊರೆ. ನಾವು ಸುಮ್ನೆ ಉಪ್ಪು ಅನ್ನುತ್ತೇವೆ, ಅದು ಬಹುಪಾಲು ಸುಣ್ಣ. ಅವ್ವ ಒಂದು ಹೋಳನ್ನು ನಳದ ಬಾಯಿಗೆ ಟೋಪಿಯ ಹಾಗೆ ಸಿಕ್ಕಿಸಿ, ರಬ್ಬರ್ ಬ್ಯಾಂಡ್ ಹಾಕಿ ಅರ್ಧ ತಾಸು ಬಿಡುತ್ತಾಳೆ. ಆಮೇಲೆ ತೆಂಗಿನ ನಾರಿನಿಂದ ತಿಕ್ಕಿದರೆ ನೀರು ಮತ್ತೆ ನೆಟ್ಟಗೆ ಬೀಳುತ್ತದೆ. ಒಮ್ಮೆ ಎದುರು ಮನೆಯವರು ಇದನ್ನು ನೋಡಿ, “ಅಕ್ಕೋರೆ, ನಳಕ್ಕೂ ದೃಷ್ಟಿ ಆಗ್ಯಾದೇನ್ರಿ?” ಅಂದರು. ಕೇಳಿದ್ದು ತಪ್ಪಲ್ಲ. ಬಾಗಿಲಿಗೆ, ಟ್ರ್ಯಾಕ್ಟರಿಗೆ, ಹೊಸ ಕಾರಿನ ಗಾಲಿಗೆ ಲಿಂಬಿಕಾಯಿ ಕಂಡವರಿಗೆ ನಳವೊಂದು ಏನು ಮಹಾ! ತಾಮ್ರದ ತಂಬಿಗೆಗೆ ಉಪ್ಪು ಹಚ್ಚಿದ ಹೋಳು, ಕುಕ್ಕರಿನ ತಳ ಕಪ್ಪಾಗದಿರಲಿ ಅಂತ ನೀರಿಗೊಂದು ಸಿಪ್ಪೆ, ಇವೆಲ್ಲ ಎಲ್ಲರ ಮನೆಯಲ್ಲೂ ಇದ್ದದ್ದೇ.

ಇಷ್ಟೆಲ್ಲ ನೋಡಿಕೊಂಡು ಬೆಳೆದ ನನಗೆ ಲಿಂಬಿಕಾಯಿಯಿಂದ ಹೋಗದ ಕಲೆಯೇ ಇಲ್ಲ ಅನ್ನೋ ಧೈರ್ಯ. ಹೋದ ವರ್ಷ ಅವ್ವ ನಾಲ್ಕು ದಿನ ತಂಗಿಯ ಮನೆಗೆ ಹೋಗಿದ್ದಳು. ಅಡುಗೆಕಟ್ಟೆಯ ಮೇಲೆ ಎಣ್ಣೆ ಚೆಲ್ಲಿದ ಹಳೇ ಕಲೆ ಇತ್ತು. ಅವಳು ಬರುವಷ್ಟರಲ್ಲಿ ತೆಗೆದು ಶಹಭಾಸ್ ಅನ್ನಿಸಿಕೊಳ್ಳೋಣ ಅಂತ ಎರಡು ಲಿಂಬಿಕಾಯಿ ಪೂರ್ತಿ ಹಿಂಡಿದೆ. ಸಣ್ಣ ಸಣ್ಣ ಗುಳ್ಳೆ ಎದ್ದವು. ಕಲೆ ಬಿಡ್ತಾ ಇದೆ ಅಂತ ಖುಷಿಪಟ್ಟು ಪೇಪರ್ ಓದಲು ಹೋದೆ.

ಕಟ್ಟೆ ನಮ್ಮ ಜಿಲ್ಲೆಯದೇ ಶಹಾಬಾದ್ ಫರಸಿ. ಅಂದ್ರೆ ಸುಣ್ಣದ ಕಲ್ಲು. ಸೇಡಂ, ವಾಡಿ ಕಡೆ ಸಿಮೆಂಟ್ ಫ್ಯಾಕ್ಟರಿಗಳು ಬಂದು ಕೂತಿರುವುದು ಈ ಜಾತಿಯ ಕಲ್ಲಿಗಾಗಿಯೇ. ನಳದ ಬಾಯಿಯ ಸುಣ್ಣವನ್ನು ಕರಗಿಸುವ ಹುಳಿ ಕಟ್ಟೆಯ ಸುಣ್ಣವನ್ನು ನಮ್ಮವರದು ಅಂತ ಬಿಡುತ್ತದೆಯೇ? ಅರ್ಧ ತಾಸಿನ ಮೇಲೆ ಬಂದು ಒರೆಸಿದೆ. ಎಣ್ಣೆ ಕಲೆ ಇದ್ದಲ್ಲೇ ಇತ್ತು. ಅದರ ಸುತ್ತ ಪಾಲಿಶ್ ಹೋಗಿ, ರೊಟ್ಟಿಯಗಲ ಬೆಳ್ಳಗೆ ಒರಟಾಗಿತ್ತು. ಕೈಯಾಡಿಸಿದರೆ ಹಲಗೆಗೆ ಸೀಮೆಸುಣ್ಣ ಬಳಿದಂತೆ. ಎಣ್ಣೆ ಹಚ್ಚಿ ನೋಡಿದೆ, ಒಂದು ತಾಸು ಕಪ್ಪಾಗಿ ಕಂಡಿತು, ಆಮೇಲೆ ಮತ್ತೆ ಅದೇ.

ಅವ್ವ ಬಂದವಳು ಬೈಯಲಿಲ್ಲ. “ಎಷ್ಟು ಲಿಂಬಿಕಾಯಿ ಹಾಳ ಮಾಡ್ದಿ?” ಅಂತಷ್ಟೇ ಕೇಳಿದಳು. ನಾನು ಒಂದು ಅಂದೆ.

ಆ ಜಾಗದ ಮೇಲೆ ಈಗ ಜೋಳದ ಹಿಟ್ಟಿನ ಡಬ್ಬಿ ಕೂತಿದೆ. ಹಬ್ಬಕ್ಕೆ ಕಟ್ಟೆ ತೊಳೆಯುವಾಗ ಅವ್ವ ಅದನ್ನು ಎತ್ತುತ್ತಾಳೆ, ಒಮ್ಮೆ ನನ್ನ ಕಡೆ ನೋಡುತ್ತಾಳೆ, ತಿರುಗಿ ಅಲ್ಲೇ ಇಡುತ್ತಾಳೆ.