ರೋಮ್‌ನಲ್ಲಿ ಕೂತರೆ ಕಾಸು

ರೋಮ್‌ನಲ್ಲಿ ನಿಂತರೆ ಖರ್ಚು ಕಮ್ಮಿ, ಕೂತರೆ ಕೈ ಸುಡುತ್ತೆ. ಇದನ್ನು ಯಾವ ಟೂರ್‌ನವರೂ ಹೇಳಲ್ಲ, ಯಾಕೆಂದರೆ ಅವರ ಜೊತೆ ಹೋದವರು ಎಸಿ ಬಸ್ಸಿನಲ್ಲಿ ಕೂತೇ ಇರುತ್ತಾರೆ. ನಾವು ಹೋಗಿದ್ದು ನಮ್ಮ ಪಾಡಿಗೆ ನಾವು, ಅದೂ ನಮ್ಮ ಯಜಮಾನರ ಬಜೆಟ್ಟಿನಲ್ಲಿ.

ಕಾಫಿ ವಿಷಯ ಮೊದಲು ಹೇಳಿಬಿಡುತ್ತೇನೆ. ಅಲ್ಲಿ ಕಾಫಿ ಅಂಗಡಿಗೇ ಬಾರ್ ಅಂತ ಬೋರ್ಡು. ಬೆಳಿಗ್ಗೆ ಎಂಟು ಗಂಟೆಗೆ ಹೆಂಡತಿ ಜೊತೆಗೇ ಬಾರ್ ಹುಡುಕಿಕೊಂಡು ಹೋಗೋದು ಇವರಿಗೆ ಎಲ್ಲಿಲ್ಲದ ಖುಷಿ. ಕೌಂಟರ್ ಹತ್ತಿರ ನಿಂತು ಕುಡಿದರೆ ಎಸ್ಪ್ರೆಸ್ಸೋಗೆ ಒಂದು ಯೂರೋ ಚಿಲ್ಲರೆ. ಅದೇ ಕಾಫಿಯನ್ನು ಪ್ರವಾಸಿಗರು ಗಿಜಿಗುಡುವ ಚೌಕದಲ್ಲಿ ಕೂತು ಕುಡಿದರೆ ಮೂರು ಪಟ್ಟೋ ನಾಲ್ಕು ಪಟ್ಟೋ. ಎಷ್ಟೋ ಕಡೆ ಮೊದಲು ಕ್ಯಾಶಿಯರ್ ಹತ್ತಿರ ದುಡ್ಡು ಕೊಟ್ಟು, ಚೀಟಿ ತಂದು ಕಾಫಿ ಮಾಡುವವನ ಮುಂದಿಟ್ಟು, ಎರಡು ಗುಟುಕಿಗೆ ಮುಗಿಸಿ ಹೊರಡಬೇಕು. ಪಕ್ಕಾ ದರ್ಶಿನಿ! ಬೆಂಗಳೂರಿನವರಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಿಲ್ಲ ಅಂತ ಇವರು ಬೀಗುತ್ತಿದ್ದರು. ಒಂದು ದಿನ ಕಾಲುನೋವು ಅಂತ ಕಪ್ಪು ಹಿಡಿದುಕೊಂಡು ಹೊರಗಿನ ಕುರ್ಚಿಯಲ್ಲಿ ಕೂತಿದ್ದೇ ತಡ, ವೇಟರ್ ಪ್ರತ್ಯಕ್ಷ. ಅವನು ಹೇಳಿದ್ದು ಒಂದಕ್ಷರ ಅರ್ಥವಾಗಲಿಲ್ಲ. ಮೆನು ಕಾರ್ಡಿನಲ್ಲಿ ಕೂತು ಕುಡಿಯುವವರ ರೇಟಿನ ಮೇಲೆ ಬೆರಳಿಟ್ಟ ನೋಡಿ, ಇವರ ಕಾಲುನೋವು ಅಲ್ಲೇ ವಾಸಿಯಾಯಿತು.

ಕಾಲುನೋವು ಬರದೇ ಇನ್ನೇನು? ಅಗ್ಗದ ರೂಮು ಅಂದರೆ ಊರಾಚೆಯೇ. ಬುಕ್ ಮಾಡುವಾಗ ಅಗ್ಗ ಇತ್ತು, ಬಾಗಿಲಲ್ಲಿ ತಲೆಗಿಷ್ಟು, ರಾತ್ರಿಗಿಷ್ಟು ಅಂತ ಊರಿನ ತೆರಿಗೆ ಬೇರೆ ಕಿತ್ತರು. ರೋಮ್‌ನ ಹಳೇ ರಸ್ತೆಗಳಿಗೆ ಹಾಸಿರುವುದು ಕಪ್ಪು ಕಲ್ಲಿನ ಸಣ್ಣ ಸಣ್ಣ ತುಂಡು. ಫೋಟೋದಲ್ಲಿ ಚೆಂದ. ನಮ್ಮ ಸೂಟ್‌ಕೇಸಿನ ಒಂದು ಚಕ್ರ ಆ ಸಂದಿನಲ್ಲಿ ಸಿಕ್ಕಿಕೊಂಡು ಕಳಚಿ, ಇಳಿಜಾರಿನಲ್ಲಿ ನಮಗಿಂತ ಮುಂಚೆ ಲಾಡ್ಜ್ ಕಡೆ ಉರುಳಿತು. ಸೂಟ್‌ಕೇಸನ್ನು ಇವರು ತಲೆ ಮೇಲೆ ಹೊತ್ತರು. ಜನ ಫೋಟೋ ತೆಗೆದರು.

ಸರಿ, ಮೆಟ್ಟಿಲ ಮೇಲಾದರೂ ಕೂರೋಣ ಅಂತ ಸ್ಪ್ಯಾನಿಷ್ ಸ್ಟೆಪ್ಸ್‌ಗೆ ಹೋದೆವು. 1725ರಲ್ಲಿ ಮುಗಿದ ಮೆಟ್ಟಿಲು. ಕಟ್ಟೋಕೆ ದುಡ್ಡು ಬಿಟ್ಟುಹೋದವನು ಫ್ರಾನ್ಸಿನ ರಾಜತಾಂತ್ರಿಕ, ಹೆಸರು ಬಂದಿದ್ದು ಕೆಳಗಿದ್ದ ಸ್ಪೇನಿನ ರಾಯಭಾರ ಕಚೇರಿಯಿಂದ, ಸೀಟಿ ಊದೋದು ಮಾತ್ರ ಇಟಲಿಯ ಪೊಲೀಸು. 2019ರಿಂದ ಅಲ್ಲಿ ಕೂರುವ ಹಾಗಿಲ್ಲ. ಕೂತರೆ 250 ಯೂರೋ ದಂಡ, ಗಲೀಜು ಮಾಡಿದರೆ ಇನ್ನೂ ಜಾಸ್ತಿ. ಯೂರೋ ಕಂಡ ಕೂಡಲೇ ನೂರರಿಂದ ಗುಣಿಸುವ ಚಟ ಇವರಿಗೆ. ಸೀಟಿ ಕೇಳಿದವರು ಅರ್ಧ ಬಗ್ಗಿದ ಮೊಣಕಾಲನ್ನು ಹಾಗೇ ತಡೆದು, ಶೂ ಲೇಸ್ ಕಟ್ಟುವವರ ಥರ ನಟಿಸಿದರು. ಹಾಕಿದ್ದು ಚಪ್ಪಲಿ.

ಪುಣ್ಯಕ್ಕೆ ನೀರು ಬಿಟ್ಟಿ. ಊರ ತುಂಬ ಸೊಂಟದೆತ್ತರದ ಎರಕದ ಕಬ್ಬಿಣದ ಕಂಬಗಳಿವೆ, ಬಗ್ಗಿದ ನಳಿಕೆಯಿಂದ ಹಗಲೂ ರಾತ್ರಿ ತಣ್ಣನೆ ನೀರು ಸುರಿಯುತ್ತಿರುತ್ತೆ. ನಸೋನೆ ಅಂತಾರೆ, 1870ರ ದಶಕದಿಂದ ಇವೆ. ನಳಿಕೆಯ ತುದಿಯನ್ನು ಬೆರಳಿಂದ ಮುಚ್ಚಿದರೆ ಮೇಲಿನ ಪುಟ್ಟ ತೂತಿನಿಂದ ನೀರು ಚಿಮ್ಮುತ್ತೆ, ಬಾಟಲಿ ಇಲ್ಲದೇ ಕುಡಿಯಬಹುದು. ನಾನು ಬಗ್ಗಿದೆ, ಇವರು ಉತ್ಸಾಹದಿಂದ ಒತ್ತಿದರು. ನೀರು ನೇರ ಹಣೆಗೆ. ಕುಂಕುಮ ಕರಗಿ ಮೂಗಿನ ತನಕ ಇಳಿಯಿತು. ದಾರಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬರು ರಕ್ತ ಅಂದುಕೊಂಡು ಗಾಬರಿಯಿಂದ ಟಿಶ್ಯೂ ಒತ್ತಿ ಹಿಡಿದರು, ಜೊತೆಗೆ ಇವರನ್ನು ದುರುಗುಟ್ಟಿ ನೋಡಿದರು. ನಾನೇನೂ ತಿದ್ದಲು ಹೋಗಲಿಲ್ಲ.

ಕೊಲೋಸಿಯಂಗೆ ದುಡ್ಡು. ಬಿಟ್ಟಿಯಿದ್ದ ಹಳೇ ರೋಮನ್ ಗುಡಿ ಪ್ಯಾಂಥಿಯನ್‌ಗೂ 2023ರಿಂದ ಟಿಕೆಟ್. ಇನ್ನು ಉಳಿದಿದ್ದು ಚರ್ಚುಗಳು. ಬಾಗಿಲು ತೆರೆದಿದ್ದರೆ ಸುಮ್ನೆ ಒಳಗೆ ಹೋಗಿ ಬೆಂಚಿನ ಮೇಲೆ ಕೂರಬಹುದು, ಯಾರೂ ಬಿಲ್ ತರಲ್ಲ. ನವೋನಾ ಚೌಕದ ಹತ್ತಿರ ಸಾನ್ ಲುಯಿಜಿ ಚರ್ಚಿನಲ್ಲಿ ಇಟಲಿಯ ಹಳೇ ಚಿತ್ರಕಾರ ಕಾರವಾಜ್ಜೊ ಬರೆದ ಮೂರು ದೊಡ್ಡ ಚಿತ್ರಗಳಿವೆ, ನಾನೂರು ವರ್ಷ ದಾಟಿದವು. ಆದರೆ ಮೂಲೆಯಲ್ಲಿ ಕತ್ತಲು. ಪಕ್ಕದ ಡಬ್ಬಿಗೆ ನಾಣ್ಯ ಹಾಕಿದರೆ ಮಾತ್ರ ಸ್ವಲ್ಪ ಹೊತ್ತು ದೀಪ ಹತ್ತುತ್ತೆ. ಯಾವ್ಯಾವುದೋ ದೇಶದವರೆಲ್ಲ ಕತ್ತಲಲ್ಲಿ ನಿಂತು, ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಒಬ್ಬರನ್ನೊಬ್ಬರು ನೋಡುತ್ತಿದ್ದರು.

"ಒಂದು ಯೂರೋ ಹಾಕ್ರೀ" ಅಂದೆ.

"ಇರೇ, ಯಾರಾದ್ರೂ ಹಾಕ್ತಾರೆ."

ಕೊನೆಗೆ ಒಬ್ಬ ಗೈಡ್ ಹಾಕಿದ. ದೀಪ ಹತ್ತಿತು. ಬೆಳಕಿನ ಕಡೆ ಮುಖ ತಿರುಗಿಸಿದ ಯೇಸುವಿನ ಶಿಷ್ಯ ಮತ್ತಾಯ, ಮೇಜಿನ ಮೇಲಿನ ದುಡ್ಡು ಬಿಟ್ಟು ತಲೆಯೆತ್ತದ ಹುಡುಗ ಎಲ್ಲ ಕಂಡರು. ಅಷ್ಟರಲ್ಲಿ ಆರಿತು. "ಇನ್ನೊಂದು ಗುಂಪು ಬರ್ತಿದೆ" ಅಂತ ಇವರು ಅಲ್ಲಾಡಲಿಲ್ಲ. ಹೀಗೆ ಮೂರೂ ಚಿತ್ರಗಳನ್ನು ಕಂಡವರ ಬೆಳಕಿನಲ್ಲಿ ಕಂತು ಕಂತಾಗಿ ನೋಡಿ ಮುಗಿಸಿದೆವು.

ಅಷ್ಟು ಜೋಪಾನ ಮಾಡಿದ ಆ ಯೂರೋ ಸಂಜೆ ರೈಲ್ವೆ ಸ್ಟೇಷನ್ನಿನ ಶೌಚಾಲಯದ ಗೇಟಿಗೆ ಹೋಯಿತು. ಅಲ್ಲಿ ಬೇರೆಯವರು ಹಾಕಲಿ ಅಂತ ಕಾಯೋಕೆ ಆಗಲ್ಲ ನೋಡಿ.