ಗೆರೆ ಎಳೆಯುವವರಿಗೆ ಗಡಿನಾಡಿನಿಂದ

ನಿನ್ನೆ ಸಂಜೆ ಒಂದು ಉಪನ್ಯಾಸದಲ್ಲಿ ನವೋದಯದ ಕನ್ನಡ ಸಾಹಿತಿಗಳ ಸಂಪರ್ಕಜಾಲವನ್ನು ಪರದೆಯ ಮೇಲೆ ತೋರಿಸಿದರು. ಚುಕ್ಕಿಯೆಂದರೆ ವ್ಯಕ್ತಿ, ಗೆರೆಯೆಂದರೆ ಒಡನಾಟ. ಮೈಸೂರು, ಧಾರವಾಡಗಳ ಸುತ್ತ ಗೆರೆಗಳು ದಟ್ಟವಾಗಿ ಹೆಣೆದುಕೊಂಡಿದ್ದವು. ಮಂಜೇಶ್ವರದ ಗೋವಿಂದ ಪೈಗಳು ಮಾತ್ರ ಕೆಳಗಿನ ಮೂಲೆಯಲ್ಲಿ, ಬೇರೆಯದೇ ಬಣ್ಣ ಹಚ್ಚಿಸಿಕೊಂಡು, ಕರೆಯದೆ ಬಂದ ನೆಂಟರಂತೆ ಕುಳಿತಿದ್ದರು. ಕಾರಣ, ಅವರ ಊರು ಕೇರಳದಲ್ಲಿದೆಯಂತೆ!

1949ರಲ್ಲಿ ಪೈಗಳಿಗೆ ರಾಷ್ಟ್ರಕವಿ ಬಿರುದು ಕೊಟ್ಟದ್ದು ಮದ್ರಾಸ್ ಸರಕಾರ. ಮಂಜೇಶ್ವರ, ಮಂಗಳೂರು ಎರಡೂ ಆಗ ಒಂದೇ ಜಿಲ್ಲೆಯಲ್ಲಿದ್ದವು. ಕೇರಳ ರಾಜ್ಯ ಹುಟ್ಟಿದ್ದು 1956ರ ನವೆಂಬರ್ 1ರಂದು. ಅದೇ ಜಿಲ್ಲೆಯ ಕವಿ ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ. ಆದರೂ ಪೈ, ಪಂಜೆ ಇಬ್ಬರ ನಡುವಿನ ಗೆರೆ ‘ಅಂತರರಾಜ್ಯ’ ಸಂಬಂಧವಂತೆ.

ಈ ವಿದ್ಯೆಯನ್ನೇ ನಾನು ಹೀಗಳೆಯುತ್ತಿಲ್ಲ. ಫ್ರೆಂಚ್ ಲೇಖಕ ವೋಲ್ಟೇರನ ಪತ್ರಗಳು ಎಲ್ಲಿಂದ ಎಲ್ಲಿಗೆ ಹೋದವೆಂದು ಸ್ಟ್ಯಾನ್‌ಫರ್ಡ್‌ನವರು ನಕ್ಷೆ ಬರೆದರೆ ಅದಕ್ಕೊಂದು ಬುಡವಿದೆ, ಏಕೆಂದರೆ ಆ ಪತ್ರಗಳನ್ನು ಮೊದಲೇ ಯಾರೋ ಕೂಡಿಸಿ, ತಾರೀಖು ಗೊತ್ತುಮಾಡಿ, ಅಚ್ಚು ಹಾಕಿಸಿದ್ದರು. 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಸುಮಾರು ಒಂದೂವರೆ ಲಕ್ಷ ಗಣ್ಯರ ಹುಟ್ಟೂರಿನಿಂದ ಅವರು ತೀರಿಕೊಂಡ ಊರಿಗೆ ಗೆರೆ ಎಳೆದು ಸಂಸ್ಕೃತಿಯ ಓಡಾಟವನ್ನು ಅಳೆಯಿತು. ಅದೇ ಅಳತೆಗೋಲನ್ನು ಇಲ್ಲಿ ಹಿಡಿದರೆ, ಕಾಸರಗೋಡಿನ ಕಯ್ಯಾರದಲ್ಲಿ ಹುಟ್ಟಿ, ನೂರು ವರ್ಷ ಬಾಳಿ, 2015ರಲ್ಲಿ ಅಲ್ಲೇ ಸಮೀಪದ ಬದಿಯಡ್ಕದಲ್ಲಿ ಕಣ್ಣುಮುಚ್ಚಿದ ಕವಿ ಕಿಞ್ಞಣ್ಣ ರೈಗಳ ಆಯುಷ್ಯವೆಲ್ಲ ಒಂದು ಬಸ್ಸು ಟಿಕೇಟಿನಷ್ಟಾಗುತ್ತದೆ. ಅವರ ಹೆಸರಿನ ಪಾಡಂತೂ ಹೇಳತೀರದು: ಒಂದೆಡೆ ಕಿಞ್ಞಣ್ಣ, ಇನ್ನೊಂದೆಡೆ ಕಿಂಞಣ್ಣ, ಇಂಗ್ಲಿಷಿಗೆ ಹೋಗಿ ಮರಳಿದರೆ ಕಿನ್ಹಣ್ಣ. ತಿದ್ದುವವರಿಲ್ಲದಿದ್ದರೆ ಒಬ್ಬನೇ ಕವಿ ಮೂರು ಚುಕ್ಕಿಗಳಾಗಿ, ಪರಸ್ಪರ ಮುಖಪರಿಚಯವೂ ಇಲ್ಲದವನಾಗುತ್ತಾನೆ.

‘ಸಿಕ್ಕ ದತ್ತಾಂಶವನ್ನಷ್ಟೇ ತೋರಿಸಿದ್ದೇವೆ’ ಎಂದು ಉಪನ್ಯಾಸಕರು ವಿನಯದಿಂದಲೇ ಹೇಳಿದರು. ಸರಿ, ಹಾಗಿದ್ದರೆ ಚಿತ್ರದ ತಲೆಯ ಮೇಲೆ ‘ನಮಗೆ ಸಿಕ್ಕ ಕಾಗದಗಳು’ ಎಂದು ಬರೆಯಬೇಕಿತ್ತು. ‘ನವೋದಯ’ ಎಂದು ಬರೆದು ಗಡಿಯಾಚೆಯ ಜಾಗವನ್ನು ಬಿಳಿಯಾಗಿ ಬಿಟ್ಟರೆ, ನೋಡುವವರು ಅಲ್ಲಿ ಯಾರೂ ಇರಲಿಲ್ಲವೆಂದೇ ತಿಳಿಯುತ್ತಾರೆ. ಆ ಬಿಳಿ ಜಾಗದಲ್ಲಿಯೇ ತಾಳಮದ್ದಳೆಯಿತ್ತು, ಅಂದರೆ ವೇಷ ಕುಣಿತಗಳಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ಕಟ್ಟುವ ಯಕ್ಷಗಾನ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಎದುರು ಅರ್ಥಧಾರಿಯ (ಪಾತ್ರವಾಗಿ ಮಾತಾಡುವ ಕಲಾವಿದನ) ವಾದವನ್ನು ಕೂತಲ್ಲೇ ಕತ್ತರಿಸಿ ಕಟ್ಟುತ್ತಿದ್ದ ಆ ಬೌದ್ಧಿಕ ಒಡನಾಟಕ್ಕೆ ಅಂಚೆಚೀಟಿಯ ಅಗತ್ಯವೇ ಇರಲಿಲ್ಲ. ಅದಕ್ಕೆ ಉಳಿದಿರುವ ಸಾಕ್ಷಿ ಕರಪತ್ರ: ಯಾವ ದೇವಸ್ಥಾನದ ಅಂಗಳ, ಯಾವ ಪ್ರಸಂಗ, ಯಾರದು ವಾಲಿ, ಯಾರದು ರಾಮ. ಕರಪತ್ರಗಳನ್ನು ಒಂದು ಬದಿಗೆ, ಕಲಾವಿದರನ್ನು ಇನ್ನೊಂದು ಬದಿಗೆ ಇಟ್ಟು ಗೆರೆ ಹಾಕುತ್ತ ಹೋದರೆ ಯಾರು ಯಾರೊಡನೆ ಎಷ್ಟು ರಾತ್ರಿ ಕುಳಿತರೆಂಬುದು ತಾನಾಗಿ ಮೂಡುತ್ತದೆ. ಜಾಲವಿಜ್ಞಾನಕ್ಕೆ ಇದಕ್ಕಿಂತ ಹದವಾದ ಸಾಮಗ್ರಿ ಇನ್ನೇನು ಬೇಕು?

ಇಷ್ಟು ಸಿಡುಕುವ ನಾನೇನೂ ಸಾಚಾ ಅಲ್ಲ. ಅಜ್ಜನ ಪೆಟ್ಟಿಗೆಯಲ್ಲಿದ್ದ ಅಂಥ ಕರಪತ್ರಗಳಲ್ಲಿ ಅರ್ಧದಷ್ಟನ್ನು, ಗೆದ್ದಲು ಹಿಡಿದಿದೆಯೆಂದು, ಬಚ್ಚಲೊಲೆಗೆ ಹಾಕಿದವನು ನಾನೇ. ಆ ದಿನ ನೀರು ಚೆನ್ನಾಗಿ ಕಾದಿತ್ತು.

ಉಳಿದರ್ಧವನ್ನು ನಿನ್ನೆ ರಾತ್ರಿ ಮೇಜಿನ ಮೇಲೆ ಹರಡಿ, ಒಂದೊಂದನ್ನೇ ಕಂಪ್ಯೂಟರಿಗೆ ಏರಿಸತೊಡಗಿದ್ದೇನೆ. ಮೊದಲನೆಯದರಲ್ಲಿ ‘ಶನಿವಾರ ರಾತ್ರಿ 9 ಗಂಟೆಗೆ ಸರಿಯಾಗಿ’ ಎಂದಿದೆ. ಇಸವಿಯನ್ನು ಹಾಕಿಲ್ಲ.