ಮಾರುಕಟ್ಟೆಗಿಂತ ಮೊದಲು ಮರ ಒಣಗಬೇಕು

ಚನ್ನಪಟ್ಟಣದ ಗೊಂಬೆ ಉಳಿಯಲು ಆನ್‌ಲೈನ್ ಮಾರಾಟವೊಂದಿದ್ದರೆ ಸಾಕು ಎಂಬ ವಾದ ಅರ್ಧ ಮಾತ್ರ ಸರಿ. ದೊಡ್ಡ ಆರ್ಡರ್ ಬಂದಾಗಲೇ ಕೆಲಸ ಕೆಡುವುದು ಹೆಚ್ಚು. ಹಾಲೆ ಮರದ ತುಂಡು ನೆರಳಲ್ಲಿ ಎರಡು ಮೂರು ತಿಂಗಳು ಒಣಗಬೇಕು. ಅವಸರಕ್ಕೆ ಹಸಿ ಮರವನ್ನು ಲೇತ್‌ಗೆ, ಅಂದರೆ ಮರ ತಿರುಗಿಸಿ ಕಡೆಯುವ ಯಂತ್ರಕ್ಕೆ, ಏರಿಸಿದರೆ ಆಮೇಲೆ ಕುಗ್ಗುತ್ತದೆ, ಬಿರುಕು ಬಿಡುತ್ತದೆ, ಮೇಲೆ ಹಚ್ಚಿದ ಬಣ್ಣದ ಅರಗು ಚಕ್ಕೆಯಾಗಿ ಏಳುತ್ತದೆ. ಅರಗಿನ ಕಡ್ಡಿ ಕರಗುವುದು ತಿರುಗುವ ಮರಕ್ಕೆ ಒತ್ತಿದಾಗ ಹುಟ್ಟುವ ಬಿಸಿಗೆ. ಕೇದಿಗೆ ಗರಿಯಿಂದ ಉಜ್ಜಿದ ಮೇಲೆಯೇ ಹೊಳಪು.

ಲೆಕ್ಕವನ್ನೂ ನೋಡಿ. ₹500 ಬೆಲೆಯ ಗೊಂಬೆಗೆ ಅಂಗಡಿಯವರ ಪಾಲು 40% ಎಂದಿಟ್ಟುಕೊಂಡರೆ ಕೈಗೆ ಬರುವುದು ₹300. ಮರ, ಅರಗು, ಮಜೂರಿ, ಡಬ್ಬಿ, ಒಡೆದ ಮಾಲು ಎಲ್ಲ ಅದರಲ್ಲೇ. ಕನ್ಸೈನ್‌ಮೆಂಟ್ (ಮಾಲು ಮಾರಿದ ಮೇಲಷ್ಟೇ ಅಂಗಡಿಯವರು ಹಣ ಕೊಡುವ ಕರಾರು) ಆದರೆ ಆ ಹಣವೂ ತಿಂಗಳುಗಟ್ಟಲೆ ತಡ, ಮಜೂರಿ ಮಾತ್ರ ವಾರ ವಾರ ಕೊಡಬೇಕು. ಸಣ್ಣ ಘಟಕಗಳು ಮುಳುಗುವುದು ಇಲ್ಲೇ, ಕಲೆಯ ಕೊರತೆಯಿಂದಲ್ಲ.

ಚನ್ನಪಟ್ಟಣದ ಗೊಂಬೆಗೆ ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಇದೆ ಎಂದರೆ ಸಾಲದು, ತಯಾರಕರು ಅಧಿಕೃತ ಬಳಕೆದಾರರಾಗಿ ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. 2021ರಿಂದ ಆಟಿಕೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುಣಮಟ್ಟದ ಗುರುತು ಕಡ್ಡಾಯವಾದಾಗ ವಿನಾಯಿತಿ ಸಿಕ್ಕಿದ್ದು ಇಂಥ ಅಧಿಕೃತ ಬಳಕೆದಾರರಿಗೆ ಮತ್ತು ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತ ಕುಶಲಕರ್ಮಿಗಳಿಗೆ. ಯುರೋಪಿಗೆ ಕಳಿಸುವುದಾದರೆ ಈ ವಿನಾಯಿತಿ ನಡೆಯದು. ಅಲ್ಲಿ ಮೂರು ವರ್ಷದೊಳಗಿನ ಮಕ್ಕಳ ಗಿಲಕಿಯಿಂದ ಕಳಚುವ ಮಣಿ 31.7 ಮಿಮೀ ವ್ಯಾಸದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಹಿಡಿಸಿದರೆ, ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದೆಂದು ಮಾಲು ತಿರಸ್ಕೃತ.